ವಯನಾಡಿನಲ್ಲಿ ಗುಡ್ಡ ಜರಿದದ್ದು ಮೇಲೆಲ್ಲೋ. ಅಷ್ಟು ಕೆಳಗಿದ್ದ ಚೂರಲ್‌ಮಲ ಎಂಬ ಊರು ಹೇಗೆ ಕೊಚ್ಚಿಹೋಯಿತು?

ಹೊಳೆಯೇ ದಾರಿ ಮಾಡಿಕೊಟ್ಟಿತು. 2024ರ ಜುಲೈ 30ರ ನಸುಕಿಗೆ ಮುಂಚಿನ 48 ಗಂಟೆಗಳಲ್ಲಿ ಅಲ್ಲಿ 570 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದಿತ್ತು. ಅಲ್ಲಿ ಗಟ್ಟಿ ಬಂಡೆಯ ಮೇಲೆ ಮಣ್ಣಿನ ಹೊದಿಕೆ ಇದೆ. ನೀರು ಇಂಗಿ ಇಂಗಿ ಬಂಡೆಯ ಮಟ್ಟಕ್ಕೆ ಬಂದಾಗ ಮುಂದೆ ಹೋಗಲು ಜಾಗವಿಲ್ಲ; ಒಳಗಿನ ಒತ್ತಡ ಏರಿ ಮಣ್ಣಿನ ಹಿಡಿತ ತಪ್ಪುತ್ತದೆ. ಸುಮಾರು 1550 ಮೀಟರ್ ಎತ್ತರದಲ್ಲಿ ಆದದ್ದು ಅದೇ.

ಜರಿದ ಮಣ್ಣು ಅಲ್ಲೇ ಗುಡ್ಡೆಯಾಗಿ ನಿಂತಿದ್ದರೆ ಇಷ್ಟು ಸಾವು ಆಗುತ್ತಿರಲಿಲ್ಲ. ಅದು ಪುನ್ನಪ್ಪುಳ ಹೊಳೆಯ ಪಾತ್ರಕ್ಕೆ ಇಳಿಯಿತು. ನೀರು ಬೆರೆತ ಮಣ್ಣು ಹಸಿ ಕಾಂಕ್ರೀಟಿನಂತೆ, ಮನೆಯಷ್ಟು ದೊಡ್ಡ ಬಂಡೆಯನ್ನೂ ಉರುಳಿಸಿಕೊಂಡು ಹೋಗುತ್ತದೆ. ದಾರಿಯಲ್ಲಿ ದಡ ಕೊರೆದು, ಮರ ಕಿತ್ತು ದಪ್ಪವಾಗುತ್ತಲೇ ಸುಮಾರು 8 ಕಿಲೋಮೀಟರ್ ಹರಿಯಿತು. ಪುಂಜಿರಿಮಟ್ಟಂ, ಮುಂಡಕ್ಕೈ, ಆಮೇಲೆ ಚೂರಲ್‌ಮಲ. ಜನ ಮಲಗಿದ್ದ ಹೊತ್ತು. ಸತ್ತವರು 250ಕ್ಕೂ ಹೆಚ್ಚು. ಎಸ್ಟೇಟ್ ಕೆಲಸಕ್ಕೆಂದು ಹೋಗಿ ನೆಲೆಸಿದ್ದ ನಮ್ಮ ಚಾಮರಾಜನಗರ, ಮಂಡ್ಯದ ಕಡೆಯವರೂ ಅದರಲ್ಲಿದ್ದರು. ಎಷ್ಟೋ ದೇಹಗಳು ಸಿಕ್ಕಿದ್ದು ಪಕ್ಕದ ಮಲಪ್ಪುರಂ ಜಿಲ್ಲೆಯಲ್ಲಿ, ಚಾಲಿಯಾರ್ ನದಿಯಲ್ಲಿ.

‘ಹೀಗಾಗಬಹುದೆಂದು ಯಾರಿಗೂ ಗೊತ್ತಿರಲಿಲ್ಲ’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹತ್ತಿರದ ಪುತ್ತುಮಲದಲ್ಲಿ 2019ರ ಆಗಸ್ಟ್‌ನಲ್ಲೇ ಗುಡ್ಡ ಜರಿದು 17 ಜನ ಸತ್ತಿದ್ದರು.