ಕಾಮಾಲೆಯಲ್ಲಿ ಯಕೃತ್ತಿಗೆ ಪೆಟ್ಟು ಕೊಡುವುದು ನಮ್ಮದೇ ರಕ್ಷಣಾ ಕೋಶಗಳಾದರೆ, ಅವನ್ನು ತಡೆಯುವುದು ಯಾವುದು?

ಪೆರ್ಲದವರೊಬ್ಬರ ಪ್ರಶ್ನೆ ಇದು. ಮಗನಿಗೆ ಹೆಪಟೈಟಿಸ್-ಎ ಎಂಬ ವೈರಸ್ಸಿನಿಂದ ಕಾಮಾಲೆ ಬಂದಿದೆ. ಯಕೃತ್ತು ಕೆಟ್ಟದ್ದು ವೈರಸ್ಸಿನಿಂದಲ್ಲ, ದೇಹದ ರಕ್ಷಣಾ ಕೋಶಗಳಿಂದ ಎಂದರಂತೆ ಡಾಕ್ಟರು.

ಬಹುಮಟ್ಟಿಗೆ ಸರಿ. ಈ ವೈರಸ್ ಯಕೃತ್ತಿನ ಕೋಶದೊಳಗೆ ಬೆಳೆದರೂ ತಾನಾಗಿ ಅದನ್ನು ಕೊಲ್ಲುವುದು ಕಡಿಮೆ. ಸೋಂಕಿದ ಕೋಶಗಳನ್ನು ಹುಡುಕಿ ಮುಗಿಸುವುದು ಟಿ-ಕೋಶಗಳಂಥ ಕಾವಲುಗಾರರು. ತೋಟಕ್ಕೆ ನುಗ್ಗಿದ ಹಂದಿಯನ್ನು ಓಡಿಸುವ ಗಡಿಬಿಡಿಯಲ್ಲಿ ನಾವೇ ಅಡಿಕೆ ಸಸಿ ತುಳಿಯುವುದಿಲ್ಲವೇ, ಹಾಗೆ.

ಟಿ-ಕೋಶ ಚುರುಕಾಗುತ್ತಿದ್ದಂತೆ ಅದರ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ಮೂಡುತ್ತದೆ. ಉರಿಯೂತವಿರುವ ಜಾಗದ ಕೋಶಗಳು ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನನ್ನು ಮುಂದೊಡ್ಡುತ್ತವೆ. ಎರಡೂ ಕೂಡಿಕೊಂಡರೆ ದಾಳಿಯ ಬಿರುಸು ತಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೇ ಬ್ರೇಕೂ ತಯಾರಾಗುವುದು ನನಗಂತೂ ದೊಡ್ಡ ಸೋಜಿಗ. ಕೋಶಗಳು ಹೊರಬಿಡುವ ಐಎಲ್-10 ಎಂಬ ಸಂಕೇತ ಪ್ರೋಟೀನೂ ಉರಿಯೂತವನ್ನು ಇಳಿಸುತ್ತದೆ.

ಇವಲ್ಲದೆ ನಿಯಂತ್ರಕ ಟಿ-ಕೋಶಗಳಿವೆ. 1995ರಲ್ಲಿ ಇವನ್ನು ಗುರುತಿಸಿದ ಶಿಮೊನ್ ಸಕಾಗುಚಿ 2025ರ ವೈದ್ಯಕೀಯ ನೊಬೆಲನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಇವು ಉಳಿದ ಕೋಶಗಳನ್ನು ಸುಮ್ಮನಿರಿಸುತ್ತವೆ. ಫ್ಲೂ ತಗುಲಿದ ಇಲಿಗಳಲ್ಲಿ ಶ್ವಾಸಕೋಶದ ರಿಪೇರಿಗೂ ನೆರವಾಗುವುದು ಕಂಡಿದೆ. ವೈರಸ್ ತೊಲಗಿದ ಮೇಲೆ ದಾಳಿಕೋರ ಕೋಶಗಳಲ್ಲಿ ಹೆಚ್ಚಿನವು ತಾವೇ ಸಾಯುತ್ತವೆ, ಕೆಲವು ನೆನಪಿಗಾಗಿ ಉಳಿಯುತ್ತವೆ.

ಹಾಗೆಂದು ಬ್ರೇಕನ್ನು ಹೊರಗಿನಿಂದ ಹಾಕಿದರೆ ಯಾವಾಗಲೂ ಒಳ್ಳೆಯದೆಂದಲ್ಲ. 2020ರಲ್ಲಿ ಡೆಕ್ಸಾಮೆಥಾಸೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಆಮ್ಲಜನಕ ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ ಸಾವು ತಗ್ಗಿಸಿತು. ಆಮ್ಲಜನಕ ಬೇಡದಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.