ಹೆಸರು ನಂಬಿ ಕಾರು ಕೊಳ್ಳಬಹುದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ನಮ್ಮ ದೇಶದ ದೊಡ್ಡ ಕಾರು ಕಂಪನಿಗಳನ್ನು ಎಷ್ಟು ನಂಬಬೇಕು, ಎಲ್ಲಿ ಅನುಮಾನ ಪಡಬೇಕು? ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಅಪ್ಪನ ಕಾಲದಿಂದ ಮಾರುತಿ ಬಿಟ್ಟು ಬೇರೆ ಕೊಂಡಿಲ್ಲ. ಈಗ ಮಗ, 'ಅದು ತಗಡು, ಟಾಟಾ ತಗೊಳ್ಳೋಣ' ಎನ್ನುತ್ತಾನೆ. ಬಾಗಿಲು ಹಾಕಿದ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದಂತೆ. ಯಾರ ಮಾತು ಸರಿ?
ಓದುಗರು, ಹಾಸನ

ಮೊದಲು ಬಾಗಿಲಿನ ಸದ್ದನ್ನು ಮರೆತುಬಿಡಿ. 'ಧಪ್' ಎಂಬ ಆ ದಪ್ಪ ಸದ್ದಿಗೆ ಕಾರಣ ಬಾಗಿಲೊಳಗೆ ಅಂಟಿಸಿದ ಡ್ಯಾಂಪಿಂಗ್ ಹಾಳೆ, ಸುತ್ತಲಿನ ರಬ್ಬರ್ ಬೀಡಿಂಗ್ ಮತ್ತು ಲಾಕ್ ಕೂತಿರುವ ರೀತಿ. ಹೆಬ್ಬೆರಳಿನಿಂದ ಬಾನೆಟ್ ಒತ್ತಿ ನೋಡುವ ಪರೀಕ್ಷೆಯಿಂದಲೂ ಏನೂ ತಿಳಿಯದು. ಹೊರಗಿನ ಹಾಳೆ ಎಲ್ಲ ಕಂಪನಿಯದ್ದೂ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಡಿಕ್ಕಿಯಾದಾಗ ಭಾರ ಹೊರುವುದು ಮುಂದಿನ ಗಾಜಿನ ಅಕ್ಕಪಕ್ಕದ ಎ-ಪಿಲ್ಲರ್, ನಡುವಿನ ಬಿ-ಪಿಲ್ಲರ್, ಬಾಗಿಲ ಕೆಳಗಿನ ಸಿಲ್, ಡ್ಯಾಶ್‌ಬೋರ್ಡ್ ಹಿಂದಿನ ಅಡ್ಡ ತೊಲೆ. ಅಲ್ಲಿ ಎಂಥ ಉಕ್ಕು ಹಾಕಿದ್ದಾರೆ, ಬೆಸುಗೆ ಹೇಗಿದೆ ಎನ್ನುವುದು ಶೋರೂಮಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಲು ಗುದ್ದಿಸಿ ನೋಡಿದ ವರದಿಯನ್ನೇ ಓದಬೇಕು.

ವರದಿಗಳನ್ನು ಕಂಪನಿವಾರು ಅಲ್ಲ, ಮಾಡೆಲ್‌ವಾರು ಓದಿ. ಕಾರುಗಳನ್ನು ಗುದ್ದಿಸಿ ನೋಡಿ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2018ರಲ್ಲಿ ಪರೀಕ್ಷಿಸಿದ ಮಾರುತಿ ಸ್ವಿಫ್ಟ್‌ಗೆ ಸಿಕ್ಕಿದ್ದು ಎರಡು ಸ್ಟಾರ್, ಅದರ ಬಾಡಿಯ ಬಗ್ಗೆ 'ಅಸ್ಥಿರ', ಅಂದರೆ ಇನ್ನೂ ಹೆಚ್ಚಿನ ಪೆಟ್ಟು ತಡೆಯದು, ಎಂಬ ಷರಾ. ಅದೇ ವರ್ಷ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ದೊಡ್ಡವರ ಸುರಕ್ಷತೆಯಲ್ಲಿ ಐದು ಸ್ಟಾರ್ ಪಡೆಯಿತು. ನಿಮ್ಮ ಮಗ ಹೇಳುತ್ತಿರುವುದು ಈ ಚಿತ್ರವನ್ನೇ ಇಟ್ಟುಕೊಂಡು. ಆದರೆ 2014ರಲ್ಲಿ ಸೊನ್ನೆ ಪಡೆದ ನ್ಯಾನೊ ಕೂಡ ಟಾಟಾದ್ದೇ. 2020ರಲ್ಲಿ ನಾಲ್ಕು ಸ್ಟಾರ್ ಬಂದ ಟಿಯಾಗೊದ ಬಾಡಿಗೂ 'ಅಸ್ಥಿರ' ಎಂದೇ ಬರೆದಿದ್ದರು. ಇತ್ತ 2024ರ ನವೆಂಬರಿನಲ್ಲಿ ಮಾರುತಿಯ ಹೊಸ ಡಿಸೈರ್ ದೊಡ್ಡವರಿಗೆ ಐದು, ಮಕ್ಕಳಿಗೆ ನಾಲ್ಕು ಸ್ಟಾರ್ ಪಡೆಯಿತು, ಬಾಡಿ 'ಸ್ಥಿರ' ಎನ್ನಿಸಿಕೊಂಡಿತು. ಹೀಗಿರುವಾಗ ಮಾರುತಿ ಎಂದರೆ ತಗಡು, ಟಾಟಾ ಎಂದರೆ ಕಬ್ಬಿಣ ಎಂದು ಎರಡೇ ಮಾತಿನಲ್ಲಿ ಹೇಳಲು ಬರುವುದಿಲ್ಲ.

ವರದಿ ತೆರೆದಾಗ ನಾಲ್ಕು ಸಂಗತಿ ಗಮನಿಸಿ. ಬಾಡಿ ಮತ್ತು ಕಾಲಿಡುವ ಜಾಗ ಸ್ಥಿರವೋ ಅಸ್ಥಿರವೋ. ಪರೀಕ್ಷೆಗೆ ಒಳಗಾದ ಕಾರಿನಲ್ಲಿ ಎಷ್ಟು ಏರ್‌ಬ್ಯಾಗ್ ಇದ್ದವು, ನೀವು ಕೊಳ್ಳುವ ವೇರಿಯಂಟಿನಲ್ಲಿ ಅಷ್ಟಿವೆಯೇ. ಮಕ್ಕಳ ಅಂಕ ಎಷ್ಟು. ಕೊನೆಯದು, ಮತ್ತು ಬಹಳ ಜನ ಮರೆಯುವುದು, ಪರೀಕ್ಷೆಯ ದಿನಾಂಕ. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈನಿಂದ ನಿಯಮ ಬಿಗಿ ಮಾಡಿತು. ಹಳೆಯ ಐದು ಸ್ಟಾರನ್ನೂ ಹೊಸ ಐದು ಸ್ಟಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 2023ರ ಅಕ್ಟೋಬರಿನಲ್ಲಿ ಶುರುವಾದ ನಮ್ಮದೇ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್‌ಗೆ ದೊಡ್ಡವರ ವಿಭಾಗದಲ್ಲಿ 32ಕ್ಕೆ ಕನಿಷ್ಠ 27, ಮಕ್ಕಳ ವಿಭಾಗದಲ್ಲಿ 49ಕ್ಕೆ 41 ಅಂಕ ಬೇಕು. ಸ್ಟಾರಿಗಿಂತ ಈ ಅಂಕಗಳನ್ನೇ ಹೋಲಿಸಿದರೆ ಕಾರುಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ.

ಜಪಾನ್ ಎಂಜಿನ್ ಎಂಬ ನಂಬಿಕೆಯಿಂದಲೇ ಡೀಸೆಲ್ ಸ್ವಿಫ್ಟ್ ಕೊಂಡಿದ್ದೆ, ಎರಡು ಲಕ್ಷ ಕಿಲೋಮೀಟರ್ ತೊಂದರೆ ಕೊಡಲಿಲ್ಲ. ನಮ್ಮ ದೇಶದ ಕಂಪನಿಯ ಎಂಜಿನ್ ಇಷ್ಟು ಬಾಳಿಕೆ ಬರುತ್ತದೆಯೇ?
ಓದುಗರು, ದಾವಣಗೆರೆ

ನೀವು ಮೆಚ್ಚಿದ ಎಂಜಿನ್ ಜಪಾನಿನದಲ್ಲ, ಇಟಲಿಯ ಫಿಯೆಟ್‌ನದು. 1248 ಸಿಸಿಯ ಆ ಮಲ್ಟಿಜೆಟ್ ಎಂಜಿನನ್ನು ಮಾರುತಿ ಪರವಾನಗಿ ಪಡೆದು ಇಲ್ಲೇ ತಯಾರಿಸಿ, 2007ರಿಂದ ಸ್ವಿಫ್ಟ್‌ನಲ್ಲಿ ಡಿಡಿಐಎಸ್ ಹೆಸರಿನಲ್ಲಿ ಕೊಟ್ಟಿತು. ಮರುವರ್ಷ ಬಂದ ಟಾಟಾ ಇಂಡಿಕಾ ವಿಸ್ಟಾದಲ್ಲಿ ಅದೇ ಎಂಜಿನ್ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿತ್ತು. ಒಂದೇ ಎಂಜಿನ್ ಇದ್ದರೂ ಒಂದು ಕಾರಿಗೆ 'ಕಣ್ಣು ಮುಚ್ಚಿ ಕೊಳ್ಳಬಹುದು' ಎಂಬ ಹೆಸರು, ಇನ್ನೊಂದಕ್ಕೆ 'ಟ್ಯಾಕ್ಸಿ ಗಾಡಿ' ಎಂಬ ಹೆಸರು. ಸೆಕೆಂಡ್ ಹ್ಯಾಂಡ್ ಬೆಲೆಯೂ ಆ ಹೆಸರನ್ನೇ ಹಿಂಬಾಲಿಸಿತು.

ಇಂಥ ಹಂಚಿಕೆ ಈಗ ಇನ್ನೂ ಹೆಚ್ಚು. ಟಾಟಾ ಹ್ಯಾರಿಯರ್, ಜೀಪ್ ಕಂಪಾಸ್, ಎಂಜಿ ಹೆಕ್ಟರ್ ಮೂರರ ಡೀಸೆಲ್ ಎಂಜಿನ್ನೂ ಮೂಲದಲ್ಲಿ ಫಿಯೆಟ್‌ನ ಎರಡು ಲೀಟರಿನದು. ಟೊಯೊಟಾ ಗ್ಲಾಂಜಾ ಎಂದರೆ ಮಾರುತಿ ಕಟ್ಟುವ ಬಲೆನೊ. ಮಾರುತಿ ಗ್ರ್ಯಾಂಡ್ ವಿಟಾರ ತಯಾರಾಗತೊಡಗಿದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಆದ್ದರಿಂದ ಲೋಗೊ ನೋಡುವ ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವುದು, ಅದು ಮಾರುಕಟ್ಟೆಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ. ಅವಳಿ ಕಾರುಗಳಾದರೆ ವಾರಂಟಿ, ಸರ್ವಿಸ್ ಖರ್ಚು, ನಿಮ್ಮ ಊರಿನಿಂದ ಸರ್ವಿಸ್ ಸೆಂಟರಿಗೆ ಇರುವ ದೂರ ಇಷ್ಟನ್ನೇ ತೂಗಿ ನಿರ್ಧರಿಸಿ.

ದೊಡ್ಡ ದೇಶೀ ಕಂಪನಿಯೊಂದರ ಡೀಸೆಲ್ ಎಸ್‌ಯುವಿ ನಮ್ಮದು. ಎಂಟು ತಿಂಗಳಲ್ಲಿ ಮೂರು ಸಲ ಡಿಪಿಎಫ್ ದೀಪ ಹೊತ್ತಿದೆ. ದಿನದ ಓಡಾಟ ಏಳೆಂಟು ಕಿಲೋಮೀಟರ್. ಈ ಕಂಪನಿಯ ಮೇಲಿನ ನಂಬಿಕೆಯೇ ಹೋಗಿದೆ.
ಓದುಗರು, ಮೈಸೂರು

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನೀವು ಬರೆದ 'ಏಳೆಂಟು ಕಿಲೋಮೀಟರ್' ಎಂಬುದರಲ್ಲೇ ಕಾರಣದ ಬಹುಭಾಗ ಇದೆ. ಇಷ್ಟು ಕಡಿಮೆ ಓಡಿಸಿದರೆ ಯಾವ ಕಂಪನಿಯ ಬಿಎಸ್6 (ಈಗಿನ ಹೊಗೆ ನಿಯಮ) ಡೀಸೆಲ್ ಕಾರಿಗೂ ಇದೇ ಗತಿ.

ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಜಾಲರಿ ಡಿಪಿಎಫ್. ಅದು ತುಂಬುತ್ತಾ ಬಂದಾಗ ಎಂಜಿನ್ ತಾನಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದೇ ರೀಜನರೇಶನ್. ಅದಕ್ಕೆ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಕಾರು ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ಏಳು ಕಿಲೋಮೀಟರಿಗೆ ಕಾರು ನಿಲ್ಲಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ದೀಪಕ್ಕಿಂತ ದೊಡ್ಡ ಅಪಾಯ ಇದು. ತೆಳುವಾದ ಆಯಿಲ್ ಬೇರಿಂಗ್‌ಗಳನ್ನೂ ಟರ್ಬೊವನ್ನೂ ತಿನ್ನುತ್ತದೆ.

ಹೀಗೆ ಮಾಡಿ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ 'ಮ್ಯಾಕ್ಸ್' ಗೆರೆ ದಾಟಿದ್ದರೆ, ಡೀಸೆಲ್ ವಾಸನೆ ಬಂದರೆ, ಕಾರು ಓಡಿಸದೆ ಮೊದಲು ಆಯಿಲ್ ಬದಲಿಸಿ. ಹಾಕುವ ಆಯಿಲ್ ಕಡಿಮೆ ಬೂದಿಯದ್ದೇ ಆಗಿರಬೇಕು. ಮ್ಯಾನ್ಯುಯಲ್‌ನಲ್ಲಿ ಅದರ ದರ್ಜೆ ಸಾಮಾನ್ಯವಾಗಿ ಎಸಿಇಎ ಸಿ2 ಅಥವಾ ಸಿ3 ಎಂದು ಬರೆದಿರುತ್ತದೆ. ಅಗ್ಗವೆಂದು ಬೇರೆ ಹಾಕಿದರೆ ಅದರ ಬೂದಿ ಜಾಲರಿಯಲ್ಲೇ ಉಳಿಯುತ್ತದೆ, ರೀಜನರೇಶನ್‌ನಿಂದಲೂ ಸುಡುವುದಿಲ್ಲ. ಆಯಿಲ್ ಸರಿಯಿದ್ದರೆ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ 60 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ, ಎಂಜಿನ್ 2000 ಆರ್‌ಪಿಎಂ ಮೇಲಿರುವ ಗೇರಿನಲ್ಲಿ ಅರ್ಧ ಗಂಟೆ ಓಡಿಸಿ. ಡೀಸೆಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಇಂಧನ ತೀರಾ ಕಡಿಮೆ ಇದ್ದರೆ ಹಲವು ಕಾರುಗಳಲ್ಲಿ ರೀಜನರೇಶನ್ ಶುರುವಾಗುವುದೇ ಇಲ್ಲ. ನಿಂತಾಗ ಐಡ್ಲಿಂಗ್ ಸ್ವಲ್ಪ ಏರಿದ್ದು, ಫ್ಯಾನ್ ಜೋರಾಗಿ ತಿರುಗುತ್ತಿದ್ದು, ಕಾದ ಲೋಹದ ವಾಸನೆ ಬಂದರೆ ಒಳಗೆ ಸುಡುವ ಕೆಲಸ ನಡೆದಿದೆ ಎಂದರ್ಥ. ಆಗ ಕೀ ತೆಗೆಯದೆ ಇನ್ನೊಂದು ಸುತ್ತು ಹೋಗಿಬನ್ನಿ. ದೀಪ ಮಿಟುಕಿ, ಎಳೆತ ಕಡಿಮೆಯಾದರೆ ಮಾತ್ರ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ರೀಜನರೇಶನ್ ಮಾಡಿಸಬೇಕು.

ಇದನ್ನೆಲ್ಲ ಮಾಡಿಯೂ ದೀಪ ಮತ್ತೆ ಹೊತ್ತಿದರೆ ಡಿಫರೆನ್ಷಿಯಲ್ ಪ್ರೆಷರ್ ಸೆನ್ಸರ್, ಇಜಿಆರ್ ವಾಲ್ವ್, ಇಂಜೆಕ್ಟರ್ ಪರೀಕ್ಷಿಸಲು ಬರೆಸಿ. ಅದು ಕಂಪನಿಯ ಹೊಣೆ, ವಾರಂಟಿಯಲ್ಲಿ ಆಗಬೇಕಾದ ಕೆಲಸ. ಮಾರುವಾಗಲೇ 'ನಿಮ್ಮ ಓಡಾಟಕ್ಕೆ ಪೆಟ್ರೋಲ್ ಸಾಕು' ಎಂದು ಹೇಳದೆ ಇದ್ದದ್ದು ಶೋರೂಮಿನವರ ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಕಂಪನಿ ಕಾರುಗಳನ್ನು ವಾಪಸ್ ಕರೆಸಿಕೊಂಡಿತು ಎಂದರೆ ಆ ಕಾರು ಕೆಟ್ಟದ್ದೇ? ಮಾರಿಬಿಡಬೇಕೆ?
ಓದುಗರು, ಶಿರಸಿ

ಬೇಡ. ರೀಕಾಲ್ ಎಂದರೆ ದೋಷ ಒಪ್ಪಿಕೊಂಡು ಪುಕ್ಕಟೆ ಸರಿಮಾಡಿಕೊಡುವುದು. 2020ರ ಜುಲೈನಲ್ಲಿ ಮಾರುತಿ ಫ್ಯೂಯಲ್ ಪಂಪ್ ದೋಷಕ್ಕೆ 1,34,885 ವ್ಯಾಗನ್ಆರ್ ಮತ್ತು ಬಲೆನೊ ಕಾರುಗಳನ್ನು ಕರೆಸಿಕೊಂಡಿತು. 2021ರ ಸೆಪ್ಟೆಂಬರಿನಲ್ಲಿ ಮೋಟಾರ್ ಜನರೇಟರ್ ದೋಷಕ್ಕೆ 1,81,754 ಕಾರುಗಳನ್ನು. ನಾವು ಹೆದರುವುದು ಕರೆಸಿಕೊಂಡ ಕಾರಿಗಲ್ಲ, ದೋಷವಿದ್ದೂ ಕರೆಸಿಕೊಳ್ಳದೆ 'ಎಲ್ಲ ಕಾರಿಗೂ ಹೀಗೇ' ಎಂದು ಸಾಗಹಾಕಿದ ಕಾರಿಗೆ.

ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ಇದು ಬೇಕೇ ಬೇಕು. ಹಳೆಯ ಮಾಲೀಕರ ವಿಳಾಸಕ್ಕೆ ಹೋದ ಪತ್ರ ನಿಮ್ಮ ಕೈ ಸೇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಬಂದ 110ಎ ಸೆಕ್ಷನ್ ಪ್ರಕಾರ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಏಳು ವರ್ಷದೊಳಗಿನ ವಾಹನದ ಸುರಕ್ಷತೆಯ ದೋಷವನ್ನು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದಾಖಲಿಸಿ. ಒಬ್ಬರ ದೂರಿಗೆ ಬಲ ಕಡಿಮೆ, ಒಂದೇ ದೋಷಕ್ಕೆ ನೂರಾರು ದೂರು ಸೇರಿದರೆ ತೂಕ ಬರುತ್ತದೆ.

ಗೇರ್‌ಬಾಕ್ಸ್ ಸದ್ದಿಗೆ ನಾಲ್ಕು ಸಲ ಸರ್ವಿಸ್‌ಗೆ ಬಿಟ್ಟೆ. ಪ್ರತಿ ಸಲ 'ನಾರ್ಮಲ್ ಸರ್, ಈ ಮಾಡೆಲ್ಲೇ ಹೀಗೆ' ಎನ್ನುತ್ತಾರೆ. ಮುಂದೇನು?
ಓದುಗರು, ಹುಬ್ಬಳ್ಳಿ

'ನಾರ್ಮಲ್' ಎಂಬುದನ್ನು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಧಾರಾಳವಾಗಿ ಹೇಳುವವರು ಲೆಟರ್‌ಹೆಡ್ ಮೇಲೆ ಬರೆಯಲು ಹಿಂಜರಿಯುತ್ತಾರೆ.

ಸರ್ವಿಸ್‌ಗೆ ಬಿಡುವಾಗ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡಬೇಡಿ. 'ಎರಡರಿಂದ ಮೂರನೇ ಗೇರಿಗೆ ಹಾಕುವಾಗ, ಎಂಜಿನ್ ಬಿಸಿಯಾದ ಮೇಲೆ, 30ರಿಂದ 40 ಕಿ.ಮೀ. ವೇಗದಲ್ಲಿ ಕಿರಿಕಿರಿ ಸದ್ದು' ಎಂಬಷ್ಟು ನಿಖರವಾಗಿ ಬರೆಸಿ. ನಾಲ್ಕು ಸಲ ಹೋದರೆ ನಾಲ್ಕು ಸಲವೂ ಅದೇ ಶಬ್ದಗಳಿರಲಿ. ಪ್ರತಿ ಸಲ ಬೇರೆ ರೀತಿ ಬರೆದರೆ ಮುಂದೆ ಅವು ನಾಲ್ಕು ಬೇರೆ ಬೇರೆ ದೂರುಗಳು ಎಂದು ವಾದಿಸುತ್ತಾರೆ. ಓಡೋಮೀಟರ್ ಕಾಣುವಂತೆ ವಿಡಿಯೊ ಮಾಡಿ. ಟೆಕ್ನಿಷಿಯನ್ ಪಕ್ಕದಲ್ಲಿ ಕೂತು ಟೆಸ್ಟ್ ಡ್ರೈವ್ ಹೋಗಿ. ಅದೇ ಮಾಡೆಲ್‌ನ ಇನ್ನೊಂದು ಕಾರನ್ನೂ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಅದರಲ್ಲಿ ಸದ್ದಿಲ್ಲದಿದ್ದರೆ 'ಮಾಡೆಲ್ಲೇ ಹೀಗೆ' ಎಂಬ ಮಾತು ಅಲ್ಲಿಗೇ ಬಿತ್ತು. ಕಾರು ಪಡೆಯುವಾಗ 'ತೃಪ್ತಿ ಇದೆ' ಎಂಬಲ್ಲಿ ಸಹಿ ಮಾಡುವ ಬದಲು 'ದೂರು ಬಗೆಹರಿದಿಲ್ಲ' ಎಂದು ಕೈಯಲ್ಲಿ ಬರೆದು ಫೋಟೊ ತೆಗೆದುಕೊಳ್ಳಿ.

ನಂತರ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಚಾಸಿಸ್ ನಂಬರ್, ಜಾಬ್ ಕಾರ್ಡ್ ಪ್ರತಿ, 15 ದಿನದ ಗಡುವು ಅದರಲ್ಲಿರಲಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲ ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿನ ದೂರು ಅಲ್ಲಿ ನಡೆಯುತ್ತದೆ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ. ಐದರಿಂದ ಹತ್ತು ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ, ಇಪ್ಪತ್ತು ಲಕ್ಷದವರೆಗೆ 400. ಎರಡು ವರ್ಷದ ಮಿತಿ ಇದೆ, 'ಮುಂದಿನ ಸರ್ವಿಸ್‌ನಲ್ಲಿ ನೋಡೋಣ' ಎಂಬ ಮಾತಿಗೆ ಕಾಯುತ್ತಾ ಅದನ್ನು ಕಳೆದುಕೊಳ್ಳಬೇಡಿ. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ತಯಾರಿಕೆಯ ದೋಷ ಎಂದು ಸಾಬೀತು ಮಾಡಲು ತಜ್ಞರ ವರದಿ ಬೇಕಾಗುತ್ತದೆ. ಕಾರನ್ನು ಪರೀಕ್ಷೆಗೆ ಕಳಿಸುವಂತೆ ಆಯೋಗವನ್ನೇ ಕೋರಿ, ಆ ಕೋರಿಕೆ ಮೊದಲ ಅರ್ಜಿಯಲ್ಲೇ ಇರಲಿ.

ಹೊಚ್ಚ ಹೊಸ ಮಾಡೆಲ್ ಬಂದ ತಕ್ಷಣ ಬುಕ್ ಮಾಡಬಹುದೆ?
ಓದುಗರು, ತುಮಕೂರು

ಅವಸರವಿಲ್ಲದಿದ್ದರೆ ಒಂದು ಮಳೆಗಾಲ ಕಳೆಯಲಿ. ಬಾಗಿಲು, ಸನ್‌ರೂಫ್‌ಗಳಿಂದ ನೀರು ಸೋರುವುದು, ವೈರಿಂಗ್ ಕನೆಕ್ಟರ್‌ಗೆ ತೇವ ಹೋಗಿ ಸುಳ್ಳು ಎಚ್ಚರಿಕೆ ದೀಪ ಹೊತ್ತುವುದು, ಟಚ್‌ಸ್ಕ್ರೀನ್ ನಿಂತುಹೋಗುವುದು ಎಲ್ಲ ಹೊರಬೀಳುವುದು ಮೊದಲ ತಿಂಗಳುಗಳಲ್ಲೇ. 1998ರಲ್ಲಿ ಬಂದ ಮೊದಲ ಇಂಡಿಕಾದ ದೂರುಗಳನ್ನು ತಿದ್ದಿ ಟಾಟಾ 2001ರಲ್ಲಿ ವಿ2 ತಂದಿತು. ಅದು ಚೆನ್ನಾಗಿ ಮಾರಿತು, ಆದರೆ ಮೊದಲ ಕಾರುಗಳಿಂದ ಬಂದ ಕೆಟ್ಟ ಹೆಸರು ಬಹಳ ವರ್ಷ ಅಳಿಯಲಿಲ್ಲ.

ಈಗಲೇ ಬೇಕು ಎಂದಾದರೆ ಎಂಜಿನ್ ಹಳೆಯದಿದ್ದು ಬಾಡಿ ಮಾತ್ರ ಹೊಸದಿರುವ ಮಾಡೆಲ್ ಆರಿಸಿ. ಡೆಲಿವರಿಗೆ ಮೊದಲು, ನೋಂದಣಿ ಆಗುವ ಮುನ್ನ, ಹಗಲು ಬೆಳಕಿನಲ್ಲಿ ಕಾರು ನೋಡಿ. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದರೆ 2024ರ 23ನೇ ವಾರ. ಐದೂ ಟೈರ್ ನೋಡಿ, ಕಾರಿನ ಜೊತೆ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರಂ 22ರಲ್ಲಿರುವ ತಯಾರಿಕೆಯ ತಿಂಗಳಿಗೆ ಹೋಲಿಸಿ. ಒಂದೇ ಟೈರ್ ಉಳಿದವಕ್ಕಿಂತ ತಿಂಗಳುಗಟ್ಟಲೆ ಹೊಸದಾಗಿದ್ದರೆ ಕಾರಣ ಕೇಳಿ, ಉತ್ತರ ಸಿಗುವವರೆಗೆ ಬಾಕಿ ಹಣ ಕಟ್ಟಬೇಡಿ.