ರೆಂಡರ್‌ಗೆ ಬಿಟ್ಟ ಸಿಸ್ಟಮ್‌ಗೆ ರಾತ್ರಿಯಿಡೀ ಕಾವಲು ಕೂರೋ ಅಮ್ಮ

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನನ್ನ ಎರಡು ದಿನ ಬಿಡ್ಲೇ ಇಲ್ಲ. ದಾವಣಗೆರೆ ಕಡೆ ಹೆಣ್ಮಗಳು, ಮದುವೆ ಆಗಿ ಬೆಂಗಳೂರಿಗೆ ಬಂದವಳು, 31 ವರ್ಷ, ನಾಲ್ಕು ವರ್ಷದ ಮಗಳಿದಾಳೆ. ಆನಿಮೇಷನ್, ಕಾಂಪೊಸಿಟಿಂಗ್ (ಬೇರೆ ಬೇರೆ ಚಿತ್ರಗಳನ್ನ ಸೇರಿಸಿ ಒಂದೇ ದೃಶ್ಯ ಮಾಡೋ ಕೆಲಸ) ಕೋರ್ಸ್ ಸೇರಿ ಏಳು ತಿಂಗಳು. ಕ್ಲಾಸಲ್ಲಿ ಮಿಕ್ಕವ್ರೆಲ್ಲ ಇಪ್ಪತ್ತರ ಹುಡುಗ್ರು, ಇವಳ ಅಸೈನ್‌ಮೆಂಟ್ ಯಾವಾಗ್ಲೂ ಲೇಟು, ಅತ್ತೆ ಮುಖ ಊದಿಸ್ಕೊಂಡಿರ್ತಾರೆ, ಮಗಳು 'ಅಮ್ಮ ಬಾ ಮಲ್ಕೋ' ಅಂತ ಅಳ್ತಾಳೆ. ನಾನು ಕೆಟ್ಟ ತಾಯಿನಾ, ಕೋರ್ಸ್ ಬಿಟ್ಬಿಡ್ಲಾ ಅಂತ ಕೇಳಿದಾಳೆ.

ನೋಡಮ್ಮ, ಮೂರು ಪುಟದ ಪತ್ರದಲ್ಲಿ ಒಂದು ಸಾಲು ಬರೆದು ಹಾಗೇ ಮುಂದಕ್ಕೆ ಹೋಗ್ಬಿಟ್ಟಿದೀಯ. "ರೆಂಡರ್‌ಗೆ ಹಾಕಿ ಮಲಗಿದ್ರೆ ಮೈದುನ ಕರೆಂಟ್ ಬಿಲ್ ಅಂತ ಸ್ವಿಚ್ ಆಫ್ ಮಾಡ್ತಾನೆ, ಅದಕ್ಕೆ ನಾನೇ ಎರಡು ಗಂಟೆವರೆಗೂ ಕೂತಿರ್ತೀನಿ, ಅದಿರ್ಲಿ." ಅದು ಹೇಗಮ್ಮ ಇರುತ್ತೆ? ನಾನು ಆ ಸಾಲಲ್ಲೇ ನಿಂತ್ಬಿಟ್ಟೆ.

ರೆಂಡರ್ ಅಂದ್ರೆ ಸಿಸ್ಟಮ್ಮು ಲೆಕ್ಕ ಹಾಕಿ ಶಾಟಿನ ಒಂದೊಂದೇ ಚಿತ್ರ, ಅಂದ್ರೆ ಫ್ರೇಮು, ತೆಗೆಯೋದು. ಒಂದು ಸೆಕೆಂಡಿಗೆ 24 ಫ್ರೇಮು, ಐದು ಸೆಕೆಂಡಿನ ಶಾಟ್ ಅಂದ್ರೆ 120. ನಿನ್ನ ಮಷೀನಲ್ಲಿ ಫ್ರೇಮಿಗೆ ಐದು ನಿಮಿಷ ಹಿಡಿಯುತ್ತೆ ಅಂದಿದೀಯ, ಅಲ್ಲಿಗೆ 10 ಗಂಟೆ ಆಯ್ತು. ರಾತ್ರಿ 9ಕ್ಕೆ ಹಾಕಿದ್ರೆ ಬೆಳಿಗ್ಗೆ 7ಕ್ಕೆ ಮುಗೀಬೇಕಾದ್ದು, ಅವನು 12ಕ್ಕೆ ಬಂದು ಆರಿಸಿದ್ರೆ 36 ಫ್ರೇಮಿಗೇ ನಿಲ್ಲುತ್ತೆ, ಅದೂ ನೇರ ವಿಡಿಯೋ ಫೈಲಿಗೆ ತೆಗೀತಿದ್ರೆ ಆ ಫೈಲೇ ಓಪನ್ ಆಗ್ದೇ ಹೋಗ್ಬಹುದು. ಹಸಿರು ಪರದೆ ಮುಂದೆ ತೆಗೆದ ಶಾಟಲ್ಲಿ ಕೂದಲಿನ ಅಂಚಲ್ಲಿ ಉಳಿದ ಹಸಿರು ತೆಗೆಯೋಕೆ ಒಂದು ವಾರ ಕಣ್ಣು ಉರಿಸ್ಕೊಂಡು ಕೂತವಳು, ಬೆಳಿಗ್ಗೆ ಎದ್ದು ಕಪ್ಪು ಸ್ಕ್ರೀನ್ ನೋಡ್ಬೇಕಾ? ನನಗೆ ಸಿಟ್ಟು ಬರುತ್ತೆ.

ಬಿಲ್ಲಿನ ಲೆಕ್ಕಾನೂ ಹೇಳ್ತೀನಿ. ನಿನ್ನ ಸಿಸ್ಟಮ್ 300 ವಾಟ್ ಎಳೆದ್ರೂ 10 ಗಂಟೆಗೆ 3 ಯುನಿಟ್. 2000 ವಾಟಿನ ಗೀಸರ್ ಒಂದೂವರೆ ಗಂಟೆ ಉರಿದ್ರೂ ಅಷ್ಟೇ. ಸ್ನಾನದ ಮನೆ ಸ್ವಿಚ್ಚನ್ನ ಅವನು ಯಾವತ್ತಾದ್ರೂ ಓಡೋಗಿ ಆರಿಸಿದಾನಾ?

ಅತ್ತೆ ಮೇಲೆ ಒಂದು ಪುಟ ದೂರಿದೆ, ಆದ್ರೆ ನನಗೆ ಅವ್ರೇ ಹಿಡಿಸಿದ್ರು. ನೀನು ಕ್ಲಾಸಿಗೆ ಹೋದಾಗ ಮಗೂಗೆ ಉಣಿಸಿ, ಮಲಗಿಸಿ, ಅಂಗನವಾಡಿಯಿಂದ ಕರ್ಕೊಂಡು ಬರೋದು ಅವ್ರೇ ತಾನೆ? ಮುಖ ಊದಿಸ್ಕೊಳ್ಳಲಿ ಬಿಡು, ಅರವತ್ತು ದಾಟಿದ ಮೊಣಕಾಲು. ಗಂಡ ಒಳ್ಳೇವ್ರು ಅಂತೀಯ. ಏಳು ತಿಂಗಳಿಂದ ತಮ್ಮನಿಗೆ ಒಂದು ಮಾತು ಹೇಳೋಕೆ ಆ ಒಳ್ಳೇವ್ರಿಗೆ ಆಗಿಲ್ಲ. ಓದೋ ಹೆಂಗಸಿಗೆ ಮನೇಲಿ ತನ್ನದೇ ಒಂದು ಟೇಬಲ್ಲು, ತನ್ನದೇ ಒಂದು ಪ್ಲಗ್ ಪಾಯಿಂಟ್ ಬೇಕು ಅಂತ ಇಲ್ಲಿ ಎಷ್ಟು ಸಲ ಬರೆದಿದೀನೋ, ಮತ್ತೆ ಬರೀತೀನಿ.

ಸಾಫ್ಟ್‌ವೇರ್ ದುಡ್ಡಿನ ಚಿಂತೆ ಬಿಡು. 3D ಆನಿಮೇಷನ್ ಮಾಡೋ ಬ್ಲೆಂಡರ್ ಪೂರ್ತಿ ಫ್ರೀ, ಕಾಂಪೊಸಿಟಿಂಗ್ ಮಾಡೋ ನ್ಯೂಕ್‌ನ ನಾನ್-ಕಮರ್ಷಿಯಲ್ ವರ್ಷನ್ನೂ ಫ್ರೀ, 1920×1080 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ಕೊಡಲ್ಲ ಅಷ್ಟೇ, ಕಲಿಯೋಕೆ ಸಾಕು. ರೋಟೋ, ಅಂದ್ರೆ ಆಕಾರದ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸೋ ಕೆಲಸ, ಅದರ ಪ್ರಾಕ್ಟೀಸಿಗೆ ಮಗಳು ಜೋಕಾಲಿ ಆಡೋದನ್ನೇ ಫೋನಲ್ಲಿ ಹಿಡಿ. ಇಡೀ ಮೈಗೆ ಒಂದೇ ಗೆರೆ ಎಳೀಬೇಡ, ತಲೆ, ತೋಳು, ಮುಂಗೈ ಎಲ್ಲಕ್ಕೂ ಬೇರೆ ಬೇರೆ ಶೇಪ್ ಹಾಕು, ಆಗ ಫ್ರೇಮ್ ಫ್ರೇಮಿಗೂ ತಿದ್ದೋ ಕೆಲಸ ಎಷ್ಟೋ ಕಮ್ಮಿ ಆಗುತ್ತೆ.

ಕೋರ್ಸ್ ಬಿಡ್ಬೇಡ. ನೀನು ಮಾಡ್ಬೇಕಾದ್ದು ಒಂದೇ. ಇವತ್ತು ರಾತ್ರಿ ಊಟಕ್ಕೆ ಎಲ್ರೂ ಕೂತಾಗ, ಅತ್ತೆ, ಗಂಡನ ಎದುರಿಗೇ, ಮೈದುನನ್ನ ಹೆಸರು ಹಿಡಿದು ಕರೆದು ಹೇಳು, 9ರಿಂದ 7ರವರೆಗೆ ಆ ಸ್ವಿಚ್ ಮುಟ್ಬೇಡ, ಅದು ನನ್ನ ಪರೀಕ್ಷೆ ಅಂತ. ಪ್ಲೀಸ್ ಸೇರಿಸ್ಬೇಡ. ಔಟ್‌ಪುಟ್ಟನ್ನ ಇಮೇಜ್ ಸೀಕ್ವೆನ್ಸಿಗೆ, ಅಂದ್ರೆ ಫ್ರೇಮಿಗೊಂದು ಚಿತ್ರದ ಫೈಲು ಬರೋ ಹಾಗೆ, ಇಡು, ಕರೆಂಟೇ ಹೋದ್ರೂ 37ನೇ ಫ್ರೇಮಿಂದ ಮುಂದುವರಿಸ್ಬಹುದು. ರೆಂಡರ್ ಒತ್ತು, ಹೋಗಿ ಮಗಳ ಪಕ್ಕ ಮಲ್ಕೋ.